ಹಗ್ಗದ ಮೇಲೆ ನಾನು, ಹೊಸ್ತಿಲ ಮೇಲೆ ಬೀಗರು

ಕಳೆದ ಭಾನುವಾರ ಬೆಳಿಗ್ಗೆ ಸೇಡಂನ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಎರಡು ಸಲ ಕಣಿವೆಗೆ ಬಿದ್ದೆ. (ಗಾಬರಿಯಾಗಬೇಡಿ. ಇದನ್ನು ಬರೆಯುತ್ತಿರುವ ಕೈ ನನ್ನದೇ.)

ಕಣಿವೆ ಇದ್ದದ್ದು ಟಿವಿಯೊಳಗೆ. ಟಿವಿಯ ಕೆಳಗೆ ಒಂದು ಕಪ್ಪು ಪೆಟ್ಟಿಗೆ. ಅದಕ್ಕೊಂದು ಕಣ್ಣು. ನಾವು ಎದುರು ನಿಂತು ಕೈ ಆಡಿಸಿದರೆ ಟಿವಿಯೊಳಗಿನ ಮನುಷ್ಯನೂ ಆಡಿಸುತ್ತಾನೆ. ಬಟನ್ ಇಲ್ಲ, ರಿಮೋಟ್ ಇಲ್ಲ. ಇನ್ನೂ ಅಂಗಡಿಗೆ ಬಂದಿರದ ಈ ವಿಡಿಯೋ ಗೇಮ್ ಕನ್ಸೋಲನ್ನು ಹೈದರಾಬಾದ್ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದವಳು ನನ್ನ ತಮ್ಮನ ಮಗಳು ಸಂಗೀತಾ. ಪೆಟ್ಟಿಗೆಯ ಕಣ್ಣು ಮನುಷ್ಯನ ಕೈಕಾಲು ಗುರುತಿಸುತ್ತದಲ್ಲ, ಆ ವಿದ್ಯೆ ಅವಳದು.

ಅವಳ ಮುಖದಲ್ಲಿ ಮಾತ್ರ ಮದುವೆಯ ಮುಂಚಿನ ದಿನದ ಹೆಣ್ಣಿನ ಅಪ್ಪನ ಕಳೆ. ‘ಇದು ಎಳೆಯರನ್ನಷ್ಟೇ ಗುರುತಿಸುತ್ತದೆ, ವಯಸ್ಸಾದವರ ಮುಂದೆ ಕುರುಡು’ ಎಂದು ಕಂಪನಿಯಲ್ಲಿ ಕೆಲವರು ಮೂಗು ಮುರಿದಿದ್ದರಂತೆ. ಹಿರಿಯನೊಬ್ಬ ಹಗ್ಗದ ಮೇಲೆ ಕಣಿವೆ ದಾಟುವ ಆಟವನ್ನು ಬೀಳದೆ ಮುಗಿಸಿದ ರೆಕಾರ್ಡಿಂಗ್ ಸಂಜೆಯೊಳಗೆ ಅವರಿಗೆ ಮುಟ್ಟಬೇಕು. ಇಲ್ಲದಿದ್ದರೆ ಅವಳ ವಿದ್ಯೆ ತೆಗೆದು ಬೇರೆಯವರದನ್ನು ಕೂರಿಸುತ್ತಾರೆ. ಅವಳ ಎರಡು ವರ್ಷದ ದುಡಿಮೆ ಈಗ ನನ್ನ ಮೊಣಕಾಲುಗಳ ಮೇಲೆ ನಿಂತಿತ್ತು. (ಆ ಮೊಣಕಾಲುಗಳ ಬಗ್ಗೆ ನನಗೇ ಭರವಸೆ ಇಲ್ಲ.)

“ಸುಮ್ಮ ತೋಳ ಚಾಚಿ ನಿಂತಲ್ಲೇ ಹೆಜ್ಜಿ ಹಾಕ್ರಿ ದೊಡ್ಡಪ್ಪ. ಎರಡೂ ಕೈ ಕೂಡಿದ್ವು ಅಂದ್ರ ಬಿದ್ರಿ ಅಂತ ತಿಳೀರಿ” ಎಂದಳು.

ಇಷ್ಟೇ ತಾನೇ? ಶಹಾಬಾದ್ ಕಲ್ಲಿನ ಹಾಸಿನ ಮೇಲೆ ಬರಿಗಾಲಲ್ಲಿ ನಿಂತೆ. ಸರ್ವರನ್ನೂ ಕ್ಷಮಿಸಿದವನಂತೆ ತೋಳು ಚಾಚಿದೆ. ಹಗ್ಗದ ನಡುವಿಗೆ ಬಂದಿರಬೇಕು, ಬಾಗಿಲಿನಿಂದ “ಶರಣ್ರೀ” ಎಂಬ ದನಿ. ಹಾಲಿನ ನಾಗಮ್ಮ. “ಶರಣು ಶರಣು” ಎನ್ನುತ್ತ ನನ್ನ ಕೈಗಳು ತಾವೇ ಎದೆಯ ಮುಂದೆ ಕೂಡಿಕೊಂಡವು. ಟಿವಿಯ ಮನುಷ್ಯ ಕಲ್ಲಿನಂತೆ ಕೆಳಗೆ ಹೋದ.

ಎರಡನೆಯ ಸಲ ಪಕ್ಕದ ಮನೆಯ ಮಾಸ್ತರರು, ಪೇಪರ್ ಕೇಳಲು. ಮತ್ತೆ ಶರಣು. ಮತ್ತೆ ಕಣಿವೆ. ಬುದ್ಧಿ ಬಂದಾಗಿನಿಂದ ಆ ಶಬ್ದ ಕಿವಿಗೆ ಬಿದ್ದೊಡನೆ ಕೂಡುವ ಕೈಗಳಿವು. ನನ್ನ ಅಪ್ಪಣೆಗೆ ಕಾಯುತ್ತವೆಯೇ?

“ಬಾಗಲಾ ಹಾಕಾಣೇನ್ರಿ ದೊಡ್ಡವ್ವ?” ಎಂದು ಸಂಗೀತಾ ನನ್ನ ಹೆಂಡತಿಯನ್ನು ಕೇಳಿದಳು.

“ಹಗಲಹೊತ್ತ ಬಾಗಲಾ ಹಾಕಿದ್ರ, ಮನ್ಯಾಗ ಯಾರಿಗೇನಾಯ್ತಂತ ಓಣಿ ಮಂದಿ ಎಲ್ಲಾ ಬರ್ತಾರವ್ವ. ಈಗರೆ ಒಬ್ಬೊಬ್ಬರು ಬರ್ಲಿಕತ್ತಾರ!”

ಬಾಗಿಲು ತೆರೆದೇ ಉಳಿಯಿತು. ನಾನು ಮನಸ್ಸಿನಲ್ಲೇ ಪ್ರತಿಜ್ಞೆ ಮಾಡಿದೆ: ಮೂರು ಲೋಕದವರು ಬಂದು ಶರಣೆಂದರೂ ಇನ್ನು ಈ ಕೈ ಕೂಡುವುದಿಲ್ಲ.

ಮೂರನೆಯ ಸಲ ಹೊರಟೆ. ಭುಜ ಉರಿಯುತ್ತಿತ್ತು. ಬೆವರು ಕಣ್ಣಿಗಿಳಿಯಿತು, ಒರೆಸುವಂತಿಲ್ಲ. ಸಂಗೀತಾ ಲ್ಯಾಪ್‌ಟಾಪ್ ನೋಡುತ್ತಿದ್ದಳು. ಹಗ್ಗ ತೂಗಿತು. ನಾನೂ ತೂಗಿದೆ. ಆಚೆಯ ಬಂಡೆ ಇನ್ನೇನು ಬಂತು, ಬಂತು...

“ಶರಣ್ರೀ ಬೀಗರ!”

ಚಿತ್ತಾಪುರದ ಬೀಗರು. ನನ್ನ ಮಗಳ ಮಾವ. ಮದುವೆಯಲ್ಲಿ ಪೆಂಡಾಲಿನ ಬಾಗಿಲಲ್ಲಿ ತಮಗೆ ಶರಣು ಹೇಳುವುದು ತಡವಾಯಿತೆಂದು ಊಟ ಬಿಟ್ಟು ಜೀಪಿನಲ್ಲಿ ಹೋಗಿ ಕುಳಿತ ಮಹನೀಯರು. ಅವರನ್ನು ಇಳಿಸಿ ತರುವಷ್ಟರಲ್ಲಿ ಅನ್ನ ಆರಿ ಹೋಗಿತ್ತು. ಸಿಟ್ಟು ಆರಲಿಲ್ಲ. ಅಂದಿನಿಂದ ನಮ್ಮ ಮನೆ ಮೆಟ್ಟಿದವರಲ್ಲ.

ಈಗ ಹೊಸ್ತಿಲ ಮೇಲೆ ಕೈ ಮುಗಿದು ನಿಂತಿದ್ದಾರೆ! ನಾನೂ ಮುಗಿದರೆ ಸಂಗೀತಾಳ ಎರಡು ವರ್ಷ ಕಣಿವೆಗೆ. ಮುಗಿಯದಿದ್ದರೆ ಬೀಗತನ ಕಣಿವೆಗೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ನಾನು ಕತ್ತನ್ನಷ್ಟೇ ತಿರುಗಿಸಿದೆ. ಹಲ್ಲು ಕಿರಿದೆ. “ಬರ್ರಿ ಬೀಗರ, ಬರ್ರಿ” ಎಂದೆ. ತೋಳು ಚಾಚಿದಂತೆಯೇ ಇದ್ದವು.

ಬೀಗರು ನನ್ನ ಎಡದ ತೋಳು ನೋಡಿದರು. ಬಲದ್ದು ನೋಡಿದರು. ಅವರ ಮೀಸೆ ಅದುರಿತು. ಮುಗಿಯಿತು ಎಂದುಕೊಂಡೆ.

“ಅಯ್ಯ! ನನ್ ಮ್ಯಾಲ ಇಷ್ಟು ಅಂತಃಕರಣ ಇಟಗೊಂಡೀರೇನ್ರಿ! ನಾ ಭಾಳ ತಪ್ಪ ತಿಳದಿದ್ದೆ ನೋಡ್ರಿ!”

ಹಾಗೆಂದವರೇ ಬಂದು ತಬ್ಬಿಬಿಟ್ಟರು. ದಸರೆಯಲ್ಲಿ ಬನ್ನಿ ಕೊಟ್ಟು ತಬ್ಬುತ್ತೇವಲ್ಲ, ಹಾಗೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಸಾಲದೆಂದು ಮತ್ತೊಮ್ಮೆ ಎಡಕ್ಕೆ. ನನ್ನ ಪ್ರತಿಜ್ಞೆಗೆ ಭಂಗ ಬರಲಿಲ್ಲ, ಕೈ ಕೂಡಲಿಲ್ಲ. ಆದರೆ ಆ ಪೆಟ್ಟಿಗೆಗೆ ಎರಡು ತಲೆಯ, ನಾಲ್ಕು ಕೈಯ ಯಾವ ದೈವ ಕಂಡಿತೋ! ‘ಆಟಗಾರ ಕಾಣುತ್ತಿಲ್ಲ’ ಎಂದು ಟಿವಿಯಲ್ಲಿ ಬರೆದು, ಬಂಡೆಯ ಅಂಚಿನಲ್ಲಿದ್ದ ಮನುಷ್ಯನನ್ನು ಕೈಬಿಟ್ಟಿತು.

ಬೀಗರು ಎರಡು ಕಪ್ ಚಹಾ ಕುಡಿದು, ಕಣ್ಣೊರೆಸಿಕೊಂಡು ಹೋದರು. ಇನ್ನೊಮ್ಮೆ ಆಡೋಣವೆಂದರೆ ನನ್ನ ತೋಳುಗಳು ಮೇಲೇಳಲಿಲ್ಲ.

“ಬೀಗರು ಬಂದದ್ದಷ್ಟು ಕತ್ತರಿಸಿ ಕಳಸವ್ವ. ಆಚಿ ಬಂಡೆ ಮುಟ್ಟಿದಂಗೇ ಅದ” ಎಂದೆ.

“ಇಲ್ರಿ ದೊಡ್ಡಪ್ಪ. ಕಂಪನ್ಯಾಗ ಖಾಲಿ ಖೋಲ್ಯಾಗ ಟೆಸ್ಟ್ ಮಾಡ್ಲಿಕತ್ತೀವಿ. ನಮ್ಮ ಕಡಿ ಮನಿ ಯಾವಾಗ ಖಾಲಿ ಇರ್ತಾವ? ಇದ್ದದ್ದು ಇದ್ದಂಗ ಕಳಸ್ತೀನಿ. ತೆಗೆದ್ರ ತೆಗೀಲಿ.”

ಹೇಳಿದ್ದು ಗಟ್ಟಿಯಾಗಿ. ಬಟನ್ ಒತ್ತಿದ್ದು ಮಾತ್ರ ಕಣ್ಣು ಮುಚ್ಚಿಕೊಂಡು.

ಮಂಗಳವಾರ ಕಂಪನಿಯಿಂದ ಉತ್ತರ ಬಂತು. ಹಿರಿಯರನ್ನು ಪೆಟ್ಟಿಗೆ ಗುರುತಿಸುತ್ತದೆ, ಒಪ್ಪಿದ್ದೇವೆ. ತಬ್ಬಿಕೊಂಡವರನ್ನು ಗುರುತಿಸುವುದಿಲ್ಲ. ಅದನ್ನು ಸಂಗೀತಾಳೇ ಸರಿಪಡಿಸಬೇಕು, ಅಲ್ಲಿಯವರೆಗೆ ಬಿಡುಗಡೆ ಮುಂದಕ್ಕೆ. ಅದಕ್ಕಾಗಿ ಅದೇ ಇಬ್ಬರು ಹಿರಿಯರು ಪೆಟ್ಟಿಗೆಯ ಮುಂದೆ ನಿಂತು ಮತ್ತೆ ಮತ್ತೆ ತಬ್ಬಿಕೊಳ್ಳಬೇಕಂತೆ!

ಈ ನಡುವೆ ಬೀಗರು ಚಿತ್ತಾಪುರದಿಂದ ವಾಡಿಯವರೆಗಿನ ನೆಂಟರಿಗೆಲ್ಲ ಸಾರಿದ್ದಾರೆ: “ನನ್ ಕಂಡಕೂಡ್ಲೆ ಸೇಡಂ ಬೀಗರು ತೋಳ ಚಾಚಿ ನಿಂತಬಿಟ್ರು!”

ಅವರನ್ನು ಕರೆಯಬೇಕೆಂದರೆ ಪೆಟ್ಟಿಗೆಯ ಕಥೆ ಹೇಳಲೇಬೇಕು. ಸಂಗೀತಾ ಫೋನನ್ನು ಕೈಗಿಟ್ಟು ಎದುರು ಕುಳಿತಿದ್ದಾಳೆ. ನಾನು ತೋಳು ಚಾಚಿದ್ದು ನಿಮಗಲ್ಲ, ಹಗ್ಗಕ್ಕೆ ಎಂದು ಆ ಮನುಷ್ಯನಿಗೆ ಯಾವ ಬಾಯಿಂದ ಹೇಳಲಿ?