ಐದೂವರೆಯ ಹಾಜರಿ

ಖಾರಿ ಬಿಸ್ಕತ್ತಿನ ಒಂದು ಬದಿ ಹೊಂಬಣ್ಣಕ್ಕಿತ್ತು, ಇನ್ನೊಂದು ಬದಿ ಇದ್ದಲು. ಭಾಲ್ಕಿಯ ಬೇಕರಿ ಮಾಲೀಕರು ಮೊನ್ನೆ ಅದನ್ನು ನನ್ನ ಚಹಾದ ಪಕ್ಕ ಇಟ್ಟು, "ತಿನ್ರಿ ಮೇಡಂ, ನಿಮ್ಮ ಶರಣಪ್ಪನ ಕೈಗುಣ" ಎಂದರು.

ಶರಣಪ್ಪನವರು ಠಾಣಾ ಕುಶನೂರಿನವರು. ಹನ್ನೊಂದು ವರ್ಷ ಜೈಲಿನಲ್ಲಿದ್ದು, ಬೇಕರಿ ಕೆಲಸವನ್ನು ಅಲ್ಲೇ ಕಲಿತು ಬಂದವರು. ಬಿಡುಗಡೆಯಾದವರಿಗೆ ಕೆಲಸ ಹುಡುಕಿಕೊಡುವುದು, ಅದು ಕೈತಪ್ಪದಂತೆ ನೋಡಿಕೊಳ್ಳುವುದು ಬೀದರಿನಲ್ಲಿ ನನ್ನ ನೌಕರಿ. ಮನೆಯಲ್ಲಿ ‘ಸಮಾಜಸೇವೆ’ ಎಂದಷ್ಟೇ ಹೇಳುತ್ತೇನೆ; ಹೆಚ್ಚು ಹೇಳಿದರೆ ಚಿಕ್ಕಮ್ಮ ನನ್ನ ಮದುವೆಯ ಚಿಂತೆಗೆ ಬೀಳುತ್ತಾರೆ.

ಶರಣಪ್ಪನವರು ಬೇಕರಿಗೆ ಸೇರಿದ ಮೊದಲ ವಾರವೇ ಮಾಲೀಕರ ಫೋನು ಬಂದಿತ್ತು. "ಸಂಜಿ ಐದೂವರಿ ಆತಂದ್ರ ಭಟ್ಟಿ ಬಿಟ್ಟು ಗ್ವಾಡಿಗೆ ಬೆನ್ನ ಹಚ್ಚಿ ಕೂಡ್ತಾನ್ರಿ. ಎಬ್ಬಿಸಿದ್ರ ಏಳಂಗಿಲ್ಲ. ಏನರ ಹರಕಿ ಅದ ಏನ್ರಿ?"

ಜೈಲಿನಲ್ಲಿ ಸಂಜೆ ಕೋಣೆಯೊಳಗೆ ಹಾಕುವ ಮುನ್ನ ಎಲ್ಲರನ್ನೂ ಸಾಲಾಗಿ ಕೂರಿಸಿ ಹೆಸರು ಕರೆದು ಎಣಿಸುತ್ತಾರೆ. ಎಣಿಕೆ ಮುಗಿಯದೆ ಏಳುವಂತಿಲ್ಲ. ನನಗೆ ಥಟ್ಟನೆ ಉಪಾಯ ಹೊಳೆಯಿತು: "ಆ ಹೊತ್ತಿಗೆ ಅವರ ಹೆಸರು ಕರದುಬಿಡ್ರಿ, ಸಾಕು." ಮಾಲೀಕರು ಕರೆದರು. ಇವರು "ಹಾಜರ್ ಸಾಬ್" ಎಂದು ಎದ್ದು ಭಟ್ಟಿಗೆ ಮರಳಿದರು. ಎಂಟು ತಿಂಗಳು ಹೀಗೇ ನಡೆಯಿತು. ವರದಿಯಲ್ಲಿ ಅದನ್ನು ‘ಸರಳ ಪರಿಹಾರ’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೆ. ಸ್ಕೇಲಿಟ್ಟು.

ಮೊನ್ನೆಯ ಹಿಂದಿನ ದಿನ ಮಾಲೀಕರು ನೆಂಟರ ಮನೆಗೆ ಹೋಗಿದ್ದರು. ಕರೆಯುವವರಿಲ್ಲದೆ ಶರಣಪ್ಪನವರು ಕೂತೇ ಇದ್ದರು. ಹೊಗೆ ನೋಡಿ ಓಣಿಯವರು ಓಡಿ ಬಂದರಂತೆ.

"ಒಳ್ಳೆ ಮನಷ್ಯಾ, ಇಲ್ಲ ಅನ್ನಂಗಿಲ್ಲ. ಆದ್ರ ಇದು ಬೆಂಕಿ ಮುಂದಿನ ಕೆಲಸ ಅದರಿ. ನಾಳಿ ಮುಂಜಾನಿ ಒಳಗ ಏನರ ದಾರಿ ಹೇಳ್ರಿ. ಇಲ್ಲಂದ್ರ ಬ್ಯಾರೆಯವ್ರನ್ನ ನೋಡ್ತೇನಿ" ಎಂದರು ಮಾಲೀಕರು.

ಹಿತ್ತಲಲ್ಲಿ ಶರಣಪ್ಪನವರು ಟ್ರೇ ಉಜ್ಜುತ್ತಿದ್ದರು. ತಲೆ ಎತ್ತಲಿಲ್ಲ.

"ಕರೀದೆ ಬಿಟ್ಟಿದ್ರ ಮರೀತಿದ್ದೆನೋ ಏನೋ ಮೇಡಂ. ದಿನಾ ಕರದ್ರು, ದಿನಾ ನೆನಪಾತು." ಟ್ರೇ ಮಗುಚಿಟ್ಟು ಸೇರಿಸಿದರು: "ಕರೀದಿದ್ರ ಮೊದಲನೇ ತಿಂಗಳೇ ಹೊರಗ ಹಾಕ್ತಿದ್ರು. ಅದೂ ಖರೇ."

ಬೀದರಿನ ಬಸ್ಸಿನಲ್ಲಿ ಕೂತು ಆ ಎರಡು ಮಾತುಗಳನ್ನು ತಿರುಗಿಸಿ ಮುರುಗಿಸಿ ನೋಡಿದೆ. ಎರಡೂ ನಿಜವಾದರೆ ನಾನು ಮಾಡಿದ್ದು ಏನು? ಅವರ ಕೆಲಸ ಉಳಿಸಿದೆನೋ, ಜೈಲನ್ನು ಭಾಲ್ಕಿಯವರೆಗೆ ತಂದುಕೊಟ್ಟೆನೋ? ನಿಮಗೆ ತಿಳಿದರೆ ಹೇಳಿ, ನನಗಂತೂ ಈಗಲೂ ತಿಳಿದಿಲ್ಲ. ತಿಳಿದದ್ದು ಒಂದೇ: ಎಂಟು ತಿಂಗಳಲ್ಲಿ ಮಾಲೀಕರ ಜೊತೆ ಅಷ್ಟು ಮಾತಾಡಿದವಳು, ಏನು ಮಾಡೋಣ ಎಂದು ಶರಣಪ್ಪನವರನ್ನು ಒಮ್ಮೆಯೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಭಾಲ್ಕಿಗೆ ಹೋದೆ. ಮಾಲೀಕರು ನನಗೆ ಕುರ್ಚಿ ಹಾಕಿದರು. ಅದನ್ನು ಶರಣಪ್ಪನವರತ್ತ ಸರಿಸಿ, "ಇವರನ್ನ ಕೇಳ್ರಿ" ಎಂದು ಹೊರಗೆ ಬಂದು ನಿಂತೆ. ಒಳಗಿನಿಂದ ಶರಣಪ್ಪನವರ ದನಿ ಬಂತು: "ಸಂಜಿಗಿ ನನಗ ಭಟ್ಟಿ ಬ್ಯಾಡ್ರಿ ಮಾಲಕ್ರೆ, ಹಿಟ್ಟು ನಾದೋ ಕೆಲಸ ಕೊಡ್ರಿ. ನಾ ಕೂತ್ರೂ ಹಿಟ್ಟು ಸುಡಂಗಿಲ್ಲ."

"ಮತ್ತ ಹೆಸರು ಕರೀಬೇಕೋ ಬ್ಯಾಡೋ?" ಮಾಲೀಕರು ಅವರನ್ನೇ ಕೇಳಿದರು.

ಉತ್ತರಕ್ಕೆ ಕಾಯದೆ ನಾನು ಬಸ್ ನಿಲ್ದಾಣದ ಕಡೆ ನಡೆದೆ.