ಬೀದರಿಗೆ ಡೈನಮೊ ಇಲ್ಲದ ಸೈಕಲ್ಲು

ಮೈಸೂರಿನಿಂದ ಬೀದರಿನ ತನಕ ಸೈಕಲ್ ತುಳಿಯಬೇಕೆಂಬುದು ನನ್ನ ಗೆಳೆಯನ ಯೋಜನೆ. ಅದನ್ನು ಕೆಡಿಸಿದ್ದು ಬಿಸಿಲಲ್ಲ, ಮನೆಯವರಲ್ಲ, ನನ್ನ ವಾದ.

ತೊಂಬತ್ತರ ದಶಕದ ಕೊನೆಯಲ್ಲಿ ನಾವಿಬ್ಬರೂ ಕಾಲೇಜಿನ ಚರ್ಚಾಸ್ಪರ್ಧೆಯ ಜೋಡಿ. ಅವನ ದೃಷ್ಟಿ ಅಂಚಿನಿಂದ ಒಳಕ್ಕೆ ಕಿರಿದಾಗುತ್ತಾ ಬರುತ್ತದೆ, ಮೊದಲು ಕತ್ತಲಲ್ಲಿ, ಆಮೇಲೆ ಹಗಲಲ್ಲೂ ಕಾಣದಾಗುತ್ತದೆ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಕಣ್ಣು ಇರುವಾಗಲೇ ರಾಜ್ಯವನ್ನು ಉದ್ದಕ್ಕೂ ನೋಡಿಬಿಡಬೇಕೆಂಬುದು ಅವನ ಆಸೆ. ಇದು ನನಗೆ ಗೊತ್ತಾದದ್ದು ಒಂದು ವರ್ಷ ತಡವಾಗಿ.

ನಮ್ಮಲ್ಲೊಂದು ಪದ್ಧತಿ ಇತ್ತು. ಸ್ಪರ್ಧೆಗೆ ಮುನ್ನ ಅಗ್ರಹಾರದ ಅವನ ಮನೆಯ ಜಗಲಿಯಲ್ಲಿ ಒಬ್ಬ ಪರ, ಒಬ್ಬ ವಿರೋಧ. ಯಾರು ಏನನ್ನು ನಂಬುತ್ತಾರೆ ಎಂಬುದು ಲೆಕ್ಕಕ್ಕಿಲ್ಲ. ಉತ್ತರ ಹೊಳೆಯದ ಅಂಶವನ್ನು ಕೆಂಪು ಪೆನ್ಸಿಲ್‌ನಲ್ಲಿ ಹೊಡೆದುಹಾಕುವುದು. ಅವನು ಭೂಪಟ ಹರಡಿದ ಸಂಜೆ ನಾನು ಅಭ್ಯಾಸಬಲದಿಂದ ವಿರೋಧಕ್ಕೆ ಕೂತೆ.

"ದಿನಕ್ಕೆ ಎಷ್ಟು ಹೊತ್ತು ತುಳಿತೀಯ?"

"ಬೆಳಕು ಹರಿದ್ಮೇಲೆ ಹೊರಡೋದು, ಸಂಜೆ ಐದಕ್ಕೆಲ್ಲ ನಿಲ್ಲಿಸ್ಬುಡೋದು."

"ಮೇ ತಿಂಗಳಲ್ಲಿ? ಚಿತ್ರದುರ್ಗ ದಾಟಿದ್ರೆ ಹನ್ನೊಂದಕ್ಕೇ ಟಾರು ಕರಗುತ್ತೆ ಕಣೋ. ಬುದ್ಧಿ ಇರೋರು ನಾಲ್ಕು ಗಂಟೆ ಜಾವಕ್ಕೆ ಹೊರಡ್ತಾರೆ. ಡೈನಮೊ ಹಾಕ್ಸು, ಲೈಟ್ ಇರುತ್ತೆ."

"ಡೈನಮೊ ಬೇಡ."

"ಯಾಕೆ? ಕಾರಣ ಹೇಳು."

"ತುಳಿಯೋಕೆ ಭಾರ ಆಗುತ್ತೆ, ಬುಡೋ."

"ಒಂದೇ ಸಲಕ್ಕೆ ಎಂಟು ಇಡ್ಲಿ ಇಳಿಸೋನು ಡೈನಮೊ ಭಾರ ಅಂತಾನೆ."

ಒಳಗಿನಿಂದ ಅವನ ತಾಯಿ ನಕ್ಕದ್ದು ಕೇಳಿಸಿತು. ಅವನು ನಗಲಿಲ್ಲ. ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಎದುರಾಳಿ ತಡವರಿಸಿದ ಜಾಗದಲ್ಲೇ ಮತ್ತೆ ಹೊಡೆಯುವುದನ್ನು ನಾನು ಕಲಿತಿದ್ದೆ. ಬೆಳಗಿನ ತಂಪು ಬಿಟ್ಟು, ಮಧ್ಯಾಹ್ನ ಮರದಡಿ ಮಲಗಿ, ಐದಕ್ಕೆ ಇಳಿದರೆ ಹನ್ನೆರಡು ದಿನದ ದಾರಿ ಇಪ್ಪತ್ತು ದಿನಕ್ಕೆ ಹೋಗುತ್ತದೆ, ಅಷ್ಟರಲ್ಲಿ ಮಳೆ ಹಿಡಿಯುತ್ತದೆ ಎಂದೆ. ಅವನ ಹತ್ತಿರ ಇದ್ದದ್ದು ಒಂದೇ ಉತ್ತರ, ಅದನ್ನು ಹೇಳಲು ಅವನಿಗೆ ಮನಸ್ಸಿರಲಿಲ್ಲ. ಪೆನ್ಸಿಲ್ ತೆಗೆದುಕೊಂಡು, ಭೂಪಟದ ಅಂಚಿನಲ್ಲಿ ಬರೆದಿಟ್ಟಿದ್ದ ತಾರೀಖುಗಳನ್ನೆಲ್ಲ ಹೊಡೆದುಹಾಕಿದ.

"ಸರಿ. ಮುಂದಿನ ವರ್ಷ ನೋಡೋಣ."

ಗೆದ್ದ ಖುಷಿಯಲ್ಲಿ ಜಯಲಕ್ಷ್ಮಿಪುರಂನ ನನ್ನ ಮನೆಯವರೆಗೆ ನಡೆದೇ ಹೋದೆ. ಉದಯಗಿರಿಯ ಅಂಗಡಿಯಲ್ಲಿ ಹೊಸ ಟೈರು, ಬ್ರೇಕು ಹಾಕಿಸಿಕೊಂಡು ಸಜ್ಜಾಗಿದ್ದ ಅವನ ಸೈಕಲ್ಲು ಲೈಬ್ರರಿಗೆ ಹೋಗಿಬರುವುದರಲ್ಲೇ ಸವೆಯಿತು.

ಮರುವರ್ಷ ಅವನು ಬೀದರಿನ ಮಾತೆತ್ತಲೇ ಇಲ್ಲ. ಅದು ನನ್ನನ್ನು ಕೊರೆಯತೊಡಗಿ, ನಾನೇ ಹೋಗಿ ಜಗಲಿಯಲ್ಲಿ ಭೂಪಟ ಹರಡಿದೆ. ಇಬ್ಬರೂ ಹೋಗೋಣ, ಇಪ್ಪತ್ತು ದಿನ ಹಿಡಿದರೆ ಹಿಡಿಯಲಿ ಎಂದೆ.

"ಈ ಸಲ ವಿರೋಧ ನಂದು," ಎಂದ. "ನನ್ನ ಕಿವಿ ಪಕ್ಕದಲ್ಲಿ ಬೆರಳು ಹಿಡಿ. ನಿಧಾನಕ್ಕೆ ಮುಂದಕ್ಕೆ ತಗೊಂಡ್ಬಾ. ಕಾಣ್ತು ಅಂದಾಗ ನಿಲ್ಲಿಸು."

ನಡುಹಗಲು. ಅವನು ಎದುರಿಗೇ ನೋಡುತ್ತಿದ್ದ. ನನ್ನ ಬೆರಳು ಕೆನ್ನೆ ದಾಟಿತು, ಕಣ್ಣಿನ ಕೊನೆ ದಾಟಿತು. ಮೂಗಿನ ನೇರಕ್ಕೆ ಬರುತ್ತಿದ್ದಾಗ "ಕಾಣ್ತು" ಎಂದ. ಆಮೇಲೆ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ.

"ಪಕ್ಕಕ್ಕೆ ಲಾರಿ ಬಂದ್ಬುಟ್ರೂ ಗೊತ್ತಾಗಲ್ಲ ನಂಗೆ. ಉತ್ತರ ಕೊಡು."

"ಹೋದ ವರ್ಷ?"

"ಕತ್ತಲಾದ್ರೆ ಲೈಟ್ ಇದ್ರೂ ಕಾಣ್ತಿರ್ಲಿಲ್ಲ. ಹಗಲು ಚೆನ್ನಾಗೇ ಕಾಣ್ತಿತ್ತು."

ಅವನು ಪೆನ್ಸಿಲ್ಲಿಗಾಗಿ ಚಾಪೆಯ ಮೇಲೆ ಕೈಯಾಡಿಸಿದ. ಅದು ಅವನ ಮೊಣಕಾಲಿನ ಪಕ್ಕದಲ್ಲೇ ಬಿದ್ದಿತ್ತು. ನಾನೇ ಎತ್ತಿಕೊಂಡು, ಭೂಪಟದಲ್ಲಿ ಮೈಸೂರಿನಿಂದ ಬೀದರಿನವರೆಗಿನ ದಾರಿಯನ್ನು ಹೊಡೆದುಹಾಕಿದೆ.