ಬಿಚ್ಚಿಟ್ಟ ಶಾಫ್ಟಿನ ಸದ್ದು

ಯಾರಾದರೂ ಇಂಥ ಅನುಭವ ಹೇಳಿದರೆ ಅವರ ಮುಖದೆದುರೇ ನಗುತ್ತಿದ್ದವನು ನಾನು. ಹಾಗಾಗಿ ಈಗ ನೀವು ನಕ್ಕರೂ ನನಗೆ ಬೇಸರವಿಲ್ಲ.

ಕೊತ್ತತ್ತಿಯ ನಮ್ಮ ಮನೆಯಲ್ಲಿ ನನಗಿಂತ ವಯಸ್ಸಾದ ಒಂದು ಕಾರಿದೆ. ಐದಾರು ವರ್ಷದ ಹಿಂದೆ, ತಂಗಿಯ ಮಗಳ ಮದುವೆಗೆ ಹುಡುಗಿಯನ್ನು ಅದರಲ್ಲೇ ಮದ್ದೂರಿನ ಛತ್ರಕ್ಕೆ ಕರೆತರುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದೆ. ಇನ್ನು ಮೂರೇ ದಿನ ಇರುವಾಗ ಕಾರು ಸದ್ದು ಮಾಡತೊಡಗಿತು. ಕ್ಲಚ್ ಬಿಟ್ಟರೆ ಕೆಳಗಿನಿಂದ ಟಕ್, ಸ್ವಲ್ಪ ತಡೆದು ಟಕ್‌ಟಕ್. ಊಟಕ್ಕೆ ಕೂತರೂ ಕಿವಿಯಲ್ಲಿ ಅದೇ.

ಮದ್ದೂರಿನ ಮೆಕ್ಯಾನಿಕ್ ಖಾದರ್ ಸಾಬರಿಗೆ ಫೋನ್ ಮಾಡಿದೆ. "ಶಾಫ್ಟಿನ ಕ್ರಾಸ್, ಆ ಜಾಯಿಂಟು, ಸವ್ದೋಗೈತೆ ಸಾರ್. ನಾಳೆ ನಾನೇ ಬತ್ತೀನಿ. ಇಟ್ಟಿಗೆ ಮೇಲೆ ನಿಲ್ಸಿ ಕೆಳಗೆ ನುಗ್ಬುಟ್ಟೀರಾ ಮತ್ತೆ" ಎಂದರು.

ನಾಳೆಯವರೆಗೆ ಕಾಯುವ ಜಾಯಮಾನ ನನ್ನದಲ್ಲ. ಕಾಂಪೌಂಡ್ ಕಟ್ಟಿ ಮಿಕ್ಕಿದ್ದ ಇಟ್ಟಿಗೆಗಳನ್ನೇ ಜೋಡಿಸಿ ಕಾರಿನ ಹಿಂಭಾಗವನ್ನು ಅದರ ಮೇಲೆ ಕೂರಿಸಿದೆ. ಬ್ರೇಕನ್ನೂ ನೋಡೋಣವೆಂದು ಚಕ್ರ ಕಳಚಿದೆ. ಎಂಜಿನ್ನಿನಿಂದ ಹಿಂದಿನ ಚಕ್ರಗಳನ್ನು ತಿರುಗಿಸುವ ಆ ಉದ್ದನೆಯ ಶಾಫ್ಟನ್ನು ಬಿಚ್ಚಿ, ಜಗಲಿಯ ಮೇಲೆ ಗೋಣಿಚೀಲ ಹಾಸಿ ಮಲಗಿಸಿದೆ. ಜಿಡ್ಡು ಒರೆಸಲು ಮತ್ತೆ ಕಾರಿನ ಕೆಳಗೆ ನುಸುಳಿದೆ.

ಮಟಮಟ ಮಧ್ಯಾಹ್ನ. ಎಂಜಿನ್ ಆಫ್ ಆಗಿತ್ತು. ಟಕ್. ತಡೆದು, ಟಕ್‌ಟಕ್.

ನನ್ನ ಭ್ರಮೆ ಎಂದುಕೊಂಡೆ. ಅಷ್ಟರಲ್ಲಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನನ್ನ ಹೆಂಡತಿ ಕೂಗಿದಳು: "ಏನ್ರೀ, ನೀವು ಬಿಚ್ಚಿ ಮಡಗಿರೋದು ಇಲ್ಲಿ ಬಡ್ಕೊತಾ ಕೂತದೆ!"

"ತಿರುಗ್ದೇ ಇರೋದು ಹೆಂಗಮ್ಮಿ ಸದ್ದು ಮಾಡ್ತದೆ?"

"ಬಂದು ನೀವೇ ನೋಡಿ ಮತ್ತೆ!"

ಅವಳದೇ ತಪ್ಪೆಂದು ತೋರಿಸಲೇಬೇಕೆಂಬ ಹಟಕ್ಕೆ ಒರೆಸುವ ಬಟ್ಟೆ ಬಿಸಾಕಿ ತೆವಳಿಕೊಂಡು ಹೊರಬಂದೆ. ಜಗಲಿಗೆ ಹೋಗಿ ಶಾಫ್ಟಿನ ಮೇಲೆ ಕೈಯಿಟ್ಟೆ. ತಣ್ಣಗಿತ್ತು, ಒಂದಿಷ್ಟೂ ಅಲುಗಾಟವಿರಲಿಲ್ಲ. ಗೆದ್ದೆನೆಂದು ಬಾಯಿ ತೆರೆಯುವಷ್ಟರಲ್ಲಿ ಬೆನ್ನ ಹಿಂದೆ ಇಟ್ಟಿಗೆ ಪುಡಿಯಾಗಿ ಕಾರು ಧೊಪ್ಪನೆ ಕುಸಿಯಿತು, ನಾನು ಮಲಗಿದ್ದ ಜಾಗದ ಮೇಲೆಯೇ. ಸಂಜೆಯವರೆಗೂ ನಾನು ಜಗಲಿಯಿಂದ ಕೆಳಗಿಳಿಯಲಿಲ್ಲ.

ಇಟ್ಟಿಗೆ ಬಿರಿದ ಸದ್ದೇ ಇರಬೇಕು ಎಂದರು ಮರುದಿನ ಬಂದ ಖಾದರ್ ಸಾಬರು. ಇರಬಹುದು. ಆದರೆ ಅವಳಿಗೆ ಕೇಳಿಸಿದ್ದು ಗೋಣಿಚೀಲದ ಮೇಲಿನಿಂದ. ತಡೆದು ತಡೆದು ಬಡಿಯುವ ಆ ತಾಳವನ್ನು ಇಟ್ಟಿಗೆಗೆ ಹೇಳಿಕೊಟ್ಟವರಾದರೂ ಯಾರು? ನನಗೆ ಇವತ್ತಿಗೂ ಗೊತ್ತಿಲ್ಲ.

ಹೊಸ ಕ್ರಾಸ್ ಹಾಕಿದ ಮೇಲೆ ಸದ್ದು ಪೂರ್ತಿ ನಿಂತಿತು. ಮದುವೆಯ ದಿನ ಹುಡುಗಿಯನ್ನು ಛತ್ರದಲ್ಲಿ ಇಳಿಸಿ ಕಾರು ತಿರುಗಿಸುವಾಗ ಪಕ್ಕದಲ್ಲಿ ಕೂತಿದ್ದ ಹೆಂಡತಿ ಮೆಲ್ಲಗೆ ಹೇಳಿದಳು: "ಸದ್ದೇ ಬತ್ತಿಲ್ಲ ಕಣ್ರೀ. ಒಂಥರಾ ಭಯ ಆಯ್ತದೆ."

ಎದುರಾಡದೆ ಅವಳ ಮಾತನ್ನು ನಾನು ಒಪ್ಪಿಕೊಂಡದ್ದು ಅದೇ ಮೊದಲು. ಈಗಲೂ ಕಾರು ಹತ್ತಿದೊಡನೆ ಇಬ್ಬರೂ ಮಾತು ನಿಲ್ಲಿಸಿ ಕಿವಿಗೊಟ್ಟು ಕೂರುತ್ತೇವೆ.